ಉಡಿಗೆ ಬಿದ್ದ ನೋಟ್‌ಬುಕ್

ಕಳೆದ ವಾರ ಕಚೇರಿಯಲ್ಲಿ ನನ್ನ ಮೇಜಿನ ಕೆಳಗಿನ ಖಾನೆ ಅಂಟಿಕೊಂಡು ಕೂತಿತ್ತು. ಎರಡೂ ಕೈ ಹಾಕಿ ಎಳೆದಾಗ ಹೊರಬಂದದ್ದು ಒಣಗಿದ ಪೆನ್ನುಗಳು, ಯಾವುದೋ ಸಭೆಯ ಹಳೆಯ ನೋಟಿಸು ಮತ್ತು ಉದ್ದನೆಯ ಕಿರಿದಾದ ಒಂದು ನೋಟ್‌ಬುಕ್. ವರದಿಗಾರರು ಅಂಗೈಯಲ್ಲಿ ಹಿಡಿದು ನಿಂತೇ ಬರೆಯುತ್ತಾರಲ್ಲ, ಅಂಥದ್ದು. ಅದರ ರಟ್ಟು ಬಿಡಿಸಿದರೆ ನಾಲ್ಕು ಅಕ್ಕಿಕಾಳು ಮೇಜಿನ ಮೇಲೆ ಉದುರಿದವು. ಅರಿಸಿನದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ.

ಪಕ್ಕದ ಮೇಜಿನ ಹುಡುಗಿ ಬಗ್ಗಿ ನೋಡಿದಳು. "ಯಾವ ಮದುವಿ ರಿಪೋರ್ಟ್‌ರಿ ಮೇಡಂ ಇದು?"

"ಮದುವಿದಲ್ಲ, ನಡದ್ದು" ಎಂದು ಸೊಂಟ ಮುಟ್ಟಿ ತೋರಿಸಿದೆ. ಅವಳು ನಕ್ಕು ತನ್ನ ಕೆಲಸಕ್ಕೆ ಮರಳಿದಳು. ನನಗೆ ಮರಳಲು ಆಗಲಿಲ್ಲ.

ನೋವು ಶುರುವಾದ ಜಾಗ ಅದರಲ್ಲಿ ನಮೂದಾಗಿದೆ: ಮುಂಡರಗಿ ಬಸ್ ನಿಲ್ದಾಣ. ಆಗ ನಾನು ಐದು ತಿಂಗಳ ಬಸುರಿ. ಕುಡಿಯುವ ನೀರಿನ ಕುರಿತ ಸಭೆಯೊಂದರ ವರದಿಗೆ ಹೊರಟಿದ್ದೆ. ಬಸ್ಸಿನ ಕೊನೆಯ ಮೆಟ್ಟಿಲಿನಿಂದ ಬಲಗಾಲು ನೆಲ ಮುಟ್ಟಿತ್ತು, ಎಡಗಾಲು ಇನ್ನೂ ಮೇಲೆಯೇ ಇತ್ತು. ಆ ನಡುವಿನ ಒಂದು ಕ್ಷಣದಲ್ಲಿ ಕಿಬ್ಬೊಟ್ಟೆಯ ಕೆಳಗಿನ ಎಲುಬು ಕಟ್ಟಿಗೆ ಸೀಳಿದ ಹಾಗೆ ಸೀಳಿತು. ಬಾಗಿಲ ಕಂಬಿ ಹಿಡಿದು ಹಾಗೇ ನಿಂತೆ. ಹಿಂದಿನಿಂದ ಕಂಡಕ್ಟರು, "ಅಕ್ಕಾರ, ಇಳೀತೀರೋ ಏರ್ತೀರೋ? ಒಂದ ಕಡೆ ಆಗ್ರಿ" ಎಂದರು. ಆ ಹೊತ್ತಿಗೆ ಅದು ನನಗೂ ಖಚಿತವಿರಲಿಲ್ಲ.

ಗದಗಿನ ಡಾಕ್ಟರಮ್ಮ ಕೇಳಿಸಿಕೊಂಡು ತಲೆಯಾಡಿಸಿದರು. ಹೆರಿಗೆಗೆ ಮೈ ತಯಾರಾಗುವಾಗ ಕಟಿಯ ಕೀಲುಗಳು ಸಡಿಲಾಗುತ್ತವೆ, ಕೆಲವರಿಗೆ ತುಸು ಹೆಚ್ಚೇ ಸಡಿಲಾಗುತ್ತವೆ ಎಂದರು. "ಕೂಸಿಗೆ ಇದರಿಂದ ಏನೂ ಆಗಂಗಿಲ್ಲ. ತ್ರಾಸೆಲ್ಲಾ ನಿಮಗ." ಆಮೇಲೆ ಒಂದೊಂದಾಗಿ ಹೇಳಿಕೊಟ್ಟರು. ಒಂಟಿ ಕಾಲಿನ ಮೇಲೆ ನಿಲ್ಲಬೇಡಿ, ಬಟ್ಟೆ ಕೂತೇ ಹಾಕಿಕೊಳ್ಳಿ. ಆಟೊ ಏರುವಾಗ ಮೊದಲು ಕುಂಡೆ ಊರಿ, ಆಮೇಲೆ ಎರಡೂ ಮೊಣಕಾಲು ಜೋಡಿಸಿಕೊಂಡು ಒಟ್ಟಿಗೆ ಒಳಗೆ ತನ್ನಿ. ಮಲಗುವಾಗ ಮೊಣಕಾಲುಗಳ ನಡುವೆ ದಿಂಬು ಇರಲಿ. ತುಂಬಿದ ಕೊಡ ಎತ್ತಬೇಡಿ. ಎದ್ದು ಹೊರಟವಳನ್ನು ಮತ್ತೆ ಕೂರಿಸಿ ಅವರು ಹೇಳಿದ್ದು ಇದು: "ಬ್ಯಾರೆ ನಮೂನಿ ನೋವು ಬಂದ್ರ ಮಾತ್ರ ಕಾಯಬ್ಯಾಡ್ರಿ. ಹೊಟ್ಟಿ ಕಲ್ಲಿನಂಗ ಬಿಗಿದು, ಸಡಿಲಾಗಿ, ಮತ್ತ ಬಿಗಿದು, ಹಿಂಗ ಹೊತ್ತು ಹಿಡದು ಬಂದ್ರ ತಕ್ಷಣ ಬರ್ರಿ. ನೀರು ಹೋದ್ರ, ರಕ್ತ ಕಂಡ್ರನೂ ಅಷ್ಟ."

ಅಷ್ಟನ್ನೂ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ಪುಟ ತಿರುವಿದೆ. ಅಷ್ಟು ಶಿಸ್ತಿನವಳು ನಾನು.

ಈ ಶಿಸ್ತು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ವರ್ಷ ನಮ್ಮ ಮುಖ್ಯಸ್ಥರು ನನ್ನ ಮೊದಲ ವರದಿಯಲ್ಲಿದ್ದ 'ಪರಿಸ್ಥಿತಿ ಗಂಭೀರವಾಗಿದೆ ಎನ್ನಬಹುದು' ಎಂಬ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. "ಅನ್ನಬಹುದು ಅಂತ ಯಾರಂದ್ರು? ನೀ ಅಂದಿ. ನಿನ್ನ ಯಾರು ಕೇಳ್ಯಾರ? ನೋಡಿದ್ದು ಬರಿ, ಅನಿಸಿದ್ದು ಬರೀಬ್ಯಾಡ. ತೀರ್ಮಾನ ಓದೋವ್ರು ಮಾಡ್ಕೋತಾರ." ಅಂದಿನಿಂದ ನಾನು ನೋಡಿದ್ದನ್ನು ಬರೆಯುತ್ತ ಬಂದಿದ್ದೇನೆ. ಗಂಟೆ, ಜಾಗ, ಎಷ್ಟು ಜನ, ಯಾರು ಏನೆಂದರು. ಮದುವೆಯ ಮನೆಗೆ ಹೋದರೂ ಚಪ್ಪರದಲ್ಲಿ ಎಷ್ಟು ಕುರ್ಚಿ ಖಾಲಿ ಇವೆ ಎಂದು ಕಣ್ಣು ತಾನೇ ನೋಡಿಬಿಡುತ್ತದೆ. ಇಂಥವಳು ತನ್ನ ನಡುವಿನ ನೋವನ್ನು ಸುಮ್ಮನೆ ಬಿಟ್ಟಾಳೆಯೇ? ಪುಟ ತಿರುವಿದರೆ ಸಾಲುಸಾಲು ಇವೆ: 'ಬೆಳಿಗ್ಗೆ 6.10. ಹಾಸಿಗೆಯಿಂದ ಏಳುವಾಗ. ಎಡಕ್ಕೆ.' 'ಕಚೇರಿ ಮೆಟ್ಟಿಲು. ಹದಿನಾಲ್ಕನೆಯದರಲ್ಲಿ ನಿಂತೆ.' ನಮ್ಮ ಕಚೇರಿಗೆ ಇಪ್ಪತ್ತೆರಡು ಮೆಟ್ಟಿಲುಗಳಿವೆ. ವರ್ಷಗಟ್ಟಲೆ ಹತ್ತಿಳಿದರೂ ತಿಳಿಯದಿದ್ದ ಆ ಸಂಗತಿ ಆ ತಿಂಗಳು ತಿಳಿಯಿತು.

ಬೆಟಗೇರಿಯ ಗಂಡನ ಮನೆಯಲ್ಲಿ ನನ್ನ ದಿಂಬುಗಳೇ ದೊಡ್ಡ ಸುದ್ದಿಯಾದವು. ಮೊಣಕಾಲಿಗೆ ಒಂದು, ಬೆನ್ನಿಗೆ ಒಂದು, ತಲೆಗೆ ಒಂದು. "ಇಕಿನ್ನ ಮಲಗಸಾಕ ಮೂರು ದಿಂಬು ಬೇಕು. ನಮ್ಮ ಕಾಲದಾಗ ಇಡೀ ಮನಿಗೆ ಮೂರ ದಿಂಬಿದ್ವು" ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರು ಮಗ್ಗದ ಮನೆಯವರು. ಬಸುರಿಯಾಗಿದ್ದಾಗ ಒಂಬತ್ತು ತಿಂಗಳು ತುಂಬುವವರೆಗೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ದವರು.

"ನಡ ನೋಯಿಸ್ತಿರಲಿಲ್ಲೇನ್ರಿ ಅತ್ತಿ?" ಎಂದು ಒಮ್ಮೆ ಕೇಳಿದೆ.

"ನೋಯಿಸ್ತಿತ್ತು. ಯಾರಿಗೆ ಹೇಳೂದು, ಮಗ್ಗಕ್ಕ?"

ಅಷ್ಟು ಹೇಳಿ ಎದ್ದು ಹೋದರು. ಮರುದಿನದಿಂದ ನನ್ನ ಲಂಗ ಗೂಟಕ್ಕೆ ನೇತಾಡುವ ಬದಲು ಕುರ್ಚಿಯ ಮೇಲೆ, ಕೂತವಳ ಕೈಗೆ ಸಿಗುವಂತೆ ಇರತೊಡಗಿತು.

ಆಗ ನನಗೆ ನೆನಪಾಗುತ್ತಿದ್ದವಳು ಲಕ್ಷ್ಮೇಶ್ವರದ ನನ್ನ ಆಯಿ, ಅವ್ವನ ತಾಯಿ. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ ಪಡಸಾಲೆಯಲ್ಲಿ ಬೋರಲು ಮಲಗಿ, "ಬಾರ ಯವ್ವಾ, ಒಂದೀಟು ತುಳಿ" ಎನ್ನುತ್ತಿದ್ದಳು. ಆರು ವರ್ಷದ ನಾನು ಗೋಡೆಯ ಗೂಟ ಹಿಡಿದು ಅವಳ ಬೆನ್ನಿನ ಮೇಲೆ ನಡೆಯುತ್ತಿದ್ದೆ. ಪಾದದ ಕೆಳಗೆ ಎಲುಬುಗಳು ಒಣಗಿದ ಜೋಳದ ಕಣಿಕೆಯ ಹಾಗೆ ಚಟಚಟ ಎನ್ನುತ್ತಿದ್ದವು. ನನಗೆ ಅದೊಂದು ಆಟ. ಅವಳು ನಡ ನೋಯುತ್ತದೆ ಎಂದು ಒಂದು ದಿನವೂ ಹೇಳಿದ್ದಿಲ್ಲ, ತುಳಿ ಎಂದಷ್ಟೇ ಹೇಳುತ್ತಿದ್ದಳು. ಎಲ್ಲ ಹೆಂಗಸರಿಗೂ ಇದ್ದದ್ದು, ದಿನವೂ ಇದ್ದದ್ದು ಸುದ್ದಿಯಲ್ಲ ಎಂಬುದನ್ನು ನಾನು ಪತ್ರಿಕೆಗೆ ಸೇರುವ ಮೊದಲೇ ಆ ಬೆನ್ನಿನ ಮೇಲೆ ಕಲಿತಿದ್ದೆ ಎಂದು ಈಗ ತೋರುತ್ತದೆ.

ಏಳನೆಯ ತಿಂಗಳಲ್ಲಿ ತವರಿನಲ್ಲಿ ಕುಬಸ ಗೊತ್ತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಆರತಿ ಎತ್ತಿ ಉಡಿ ತುಂಬುವ ಕಾರ್ಯ. ಡಾಕ್ಟರ ಲೆಕ್ಕದಲ್ಲಿ ಮೂವತ್ತು ವಾರ. ಅವ್ವನ ಲೆಕ್ಕದಲ್ಲಿ ಏಳು ಮುಗಿಯಲು ನಾಲ್ಕು ದಿನ ಬಾಕಿ. ಎಂಟರಲ್ಲಿ ಮಾಡುವಂತಿಲ್ಲ, ಹಾಗಾಗಿ ಮುಂದೂಡುವ ಮಾತೇ ಇರಲಿಲ್ಲ. ಅತ್ತೆ, ನನ್ನ ಗಂಡ ಮಂಜುನಾಥ, ನಾನು ಹಿಂದಿನ ದಿನವೇ ಅವರ ಗೆಳೆಯನ ಕಾರಿನಲ್ಲಿ ಲಕ್ಷ್ಮೇಶ್ವರ ಮುಟ್ಟಿದೆವು.

ಬೆಳಿಗ್ಗೆ ಪಡಸಾಲೆಯಲ್ಲಿ ರಂಗೋಲಿ, ಅದರ ಮೇಲೆ ಮಣೆ. ನೆಲದಿಂದ ನಾಲ್ಕು ಬೆರಳು ಎತ್ತರದ ಕಟ್ಟಿಗೆಯ ಮಣೆ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದೆಂದರೆ ನನ್ನ ಕಟಿಗೆ ಏನೆಂದು ಊಹಿಸಿಕೊಳ್ಳಿ.

"ಕುರ್ಚಿ ಮ್ಯಾಲೆ ಕುಂಡ್ರಲೇನವ್ವಾ?" ಎಂದೆ.

"ಕುರ್ಚಿ ಮ್ಯಾಲೆ ಕುಬಸ? ಇದೇನು ಮೀಟಿಂಗ್ ಐತೇನ?" ಅವ್ವ ಹೇಳಿದಳು. ಆದರೂ ಒಳಗಿಂದ ಕೌದಿ ತಂದು ನಾಲ್ಕು ಮಡಿಕೆ ಮಾಡಿ ಮಣೆಯ ಮೇಲೆ ಹಾಸಿದಳು. ಕೂತೆ. ನೋಟ್‌ಬುಕ್ಕನ್ನೂ ಚಿಕ್ಕ ಪೆನ್ನನ್ನೂ ಸೆರಗಿನ ಕೆಳಗೆ, ತೊಡೆಯ ಮೇಲೆ ಇಟ್ಟುಕೊಂಡೆ. ಹಾಡು ಶುರುವಾದಾಗ ಎಲ್ಲರ ಕಣ್ಣೂ ಆರತಿಯ ಮೇಲಿರುತ್ತದೆ. ಸೆರಗಿನ ಕೆಳಗೆ ಕೈ ಏನು ಮಾಡುತ್ತಿದೆ ಎಂದು ಯಾರೂ ನೋಡುವುದಿಲ್ಲ. ಅತ್ತೆ ಮಾತ್ರ ನೋಡಿದರು. "ಕುಬಸದಾಗೂ ಪೇಪರ್ ಬರೀತಾಳಿಕಿ" ಎಂದು ಪಕ್ಕದವರ ಕಿವಿಯಲ್ಲಿ, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಆ ಪುಟ ಈಗ ನನ್ನ ಮುಂದಿದೆ. ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ.

'10.40. ಮಣೆ ಮೇಲೆ ಕೂತೆ.
10.52. ನಡ. ಹಿಂದಿನಿಂದ ಸುತ್ತಿ ಮುಂದಕ್ಕೆ.
11.04. ನಡ.
11.10. ಆರತಿ. ಐದು ಜನ.
11.16. ನಡ. ಹೊಟ್ಟೆ ಗಟ್ಟಿ.
11.28. ನಡ. ಹಾಡು ಎರಡನೆಯದು.
11.39. ನಡ. ಹೊಟ್ಟೆ ಗಟ್ಟಿ.'

ನಿಮಗೆ ಕಾಣುತ್ತಿದೆ, ಅಲ್ಲವೇ? ನನಗೆ ಕಾಣಲಿಲ್ಲ. ಮಣೆಯ ಮೇಲೆ ಕೂತದ್ದಕ್ಕೆ ನೋವು ಎಂದುಕೊಂಡೆ ಎನ್ನುವುದೂ ಪೂರ್ತಿ ಸರಿಯಲ್ಲ. ನಾನು ಏನನ್ನೂ ಅಂದುಕೊಳ್ಳಲಿಲ್ಲ, ಬರೆದೆ. ಬಂದು ಹೋದದ್ದನ್ನು ಬಂದು ಹೋಯಿತೆಂದು ಬರೆದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಎಷ್ಟು ಅಂತರ ಎಂದು ನೋಡುವುದು ಓದುವವರ ಕೆಲಸ, ನನ್ನದಲ್ಲ.

ಉಡಿ ತುಂಬುವುದು ಶುರುವಾಯಿತು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ನನ್ನ ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು ಹಾಕಿ ಹೋಗುತ್ತಿದ್ದರು. ಸೆರಗು ಹಿಡಿಯಲು ಎರಡೂ ಕೈ ಬೇಕು. ನೋಟ್‌ಬುಕ್ ಜಾರಿ ಉಡಿಗೇ ಬಿತ್ತು. ಅದರ ಮೇಲೆ ಅಕ್ಕಿ ಬಿತ್ತು. ಮೂರನೆಯವರಾಗಿ ಬಂದವರು ಸರೋಜಕ್ಕ. ಅವ್ವನ ಎದುರು ಮನೆಯವರು, ಶಿರಹಟ್ಟಿ ಕಡೆಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನರ್ಸ್.

"ಉಡ್ಯಾಗ ಇದೇನ ತಂಗಿ, ಯಾರು ತುಂಬ್ಯಾರ ಇದನ್ನ?" ಎಂದು ನೋಟ್‌ಬುಕ್ಕನ್ನು ಎತ್ತಿದರು. ಹೆಂಗಸರು ನಕ್ಕರು.

"ನಾಳೆ ಪೇಪರಿನ್ಯಾಗ ನಿಮ್ಮ ಹೆಸರು ಬರ್ತೈತಿ ತಗೋರಿ" ಎಂದರು ಅತ್ತೆ.

ಸರೋಜಕ್ಕನೂ ನಗುತ್ತಲೇ ಪುಟ ನೋಡಿದರು. ಅವರ ಬೆರಳು ಮೇಲಿನಿಂದ ಕೆಳಕ್ಕೆ ಇಳಿಯಿತು, ಮತ್ತೆ ಮೇಲೆ ಹೋಯಿತು, ಮತ್ತೆ ಇಳಿಯಿತು. ನಗು ಎಲ್ಲಿ ನಿಂತಿತೆಂದು ನಾನು ನೋಡಿದೆ: ಮೂರನೆಯ 'ನಡ'ದ ಹತ್ತಿರ. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಇಟ್ಟವರು ತೆಗೆಯಲಿಲ್ಲ. ಹಾಡು ನಡೆದೇ ಇತ್ತು. 11.50ಕ್ಕೆ ಅವರ ಅಂಗೈಯ ಕೆಳಗೆ ಹೊಟ್ಟೆ ಬಿಗಿಯಿತು. ನಾನು ಗಡಿಯಾರ ನೋಡಿದ್ದರಿಂದ ಗೊತ್ತು. ಅವರೂ ನೋಡಿದರು. ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವಿ ಮೊದಲನೆಯದಕ್ಕೆ ಬಂದರು.

"ಹೊತ್ತು ಹಿಡದು ಬಂದ್ರ ತಕ್ಷಣ. ಕೆಳಗ ಎರಡು ಗೆರಿ. ಯಾರು ಬರದಾರ ಇದನ್ನ?"

"ನಾನ" ಎಂದೆ.

"ಬರಿಯೂದು ಬರದಿ ತಂಗಿ, ಓದೂದು ಬಿಟ್ಟಿ."

ದನಿ ಏರಿಸಲಿಲ್ಲ. ಎದ್ದು ನಿಂತು, "ಹಾಡು ಸಾಕು ಮಾಡ್ರಿ. ಗಾಡಿ ಹೊರಗೈತಲ್ಲ?" ಎಂದರು.

ಅವ್ವ ಗಾಬರಿಯಾದಳು. "ಇನ್ನೂ ಇಬ್ಬರು ಉಡಿ ತುಂಬಬೇಕ ಸರೋಜಕ್ಕ. ಅರ್ಧಕ್ಕ ಏಳಸಬಾರದು, ಅಪಶಕುನ."

"ಒಳಗಿನ ಕೂಸು ಇನ್ನೂ ಒಂದೆರಡ ತಿಂಗಳು ಒಳಗ ಇರಬೇಕು. ಅದು ಹೊರಡಾಕ ಹತ್ತೇತಿ. ಶಕುನ ಆಮ್ಯಾಗ ನೋಡೂಣು."

ಮೊದಲು ಎದ್ದವರು ಅತ್ತೆ. ಇಡೀ ಬೆಳಗು ನನ್ನನ್ನು ಗೇಲಿ ಮಾಡಿದ ಅತ್ತೆ ಉಳಿದ ಇಬ್ಬರ ಕೈಯಲ್ಲಿದ್ದ ಅಕ್ಕಿ, ಉತ್ತತ್ತಿಗಳನ್ನು ತಾವೇ ಇಸಿದುಕೊಂಡು ನನ್ನ ಉಡಿಗೆ ಹಾಕಿ ಗಂಟು ಕಟ್ಟಿದರು. "ತುಂಬಿತ. ಏಳು."

ಕಾರಿನ ಹಿಂದಿನ ಸೀಟಿನಲ್ಲಿ ಎಡಮಗ್ಗುಲಾಗಿ ಮಲಗಿದೆ. ತಲೆ ಸರೋಜಕ್ಕನ ತೊಡೆಯ ಮೇಲೆ, ಮೊಣಕಾಲುಗಳ ನಡುವೆ ಮಣೆಯ ಮೇಲಿನ ಅದೇ ಕೌದಿ. ಅತ್ತೆ ಮುಂದೆ. ನಾನು ನೋಟ್‌ಬುಕ್ಕಿಗೆ ಕೈ ಚಾಚಿದರೆ ಸರೋಜಕ್ಕ ಕೊಡಲಿಲ್ಲ. "ನೀ ಹೇಳು, ನಾ ಬರೀತೇನಿ." ಹಾಗಾಗಿ ಮುಂದಿನ ಪುಟದ ಅಕ್ಷರ ನನ್ನದಲ್ಲ. ದುಂಡಗಿನ, ರಿಜಿಸ್ಟರು ಬರೆದು ರೂಢಿಯಾದ ಅಕ್ಷರ. ಅಂಚಿನಲ್ಲಿ ಕುಂಕುಮದ ಬೆರಳ ಗುರುತು. ಅದರಲ್ಲಿ ನೋವು ಹತ್ತು ನಿಮಿಷಕ್ಕೊಮ್ಮೆ, ಮುಳಗುಂದದ ಹತ್ತಿರ ಒಂಬತ್ತು.

ಮಂಜುನಾಥ ರಸ್ತೆಯ ಪ್ರತಿ ಉಬ್ಬಿನ ಬಳಿ ನಿಧಾನ ಮಾಡಿ, ದಾಟಿದ ಮೇಲೆ ಓಡಿಸುತ್ತಿದ್ದರು. ಕನ್ನಡಿಯಲ್ಲಿ ಹಿಂದೆ ನೋಡಿ ಕೇಳಿದರು: "ಸಾವಕಾಶ ಹೋಗಲ್ಯೋ, ಜಲ್ದಿ ಹೋಗಲ್ಯೋ?"

"ಎರಡೂ" ಎಂದರು ಸರೋಜಕ್ಕ.

ನಾನು ಕಾರಿನ ಚಾವಣಿ ನೋಡುತ್ತಿದ್ದೆ. ಮೂವತ್ತು ವಾರದ ಕೂಸುಗಳ ಬಗ್ಗೆ ನಾನೇ ಒಮ್ಮೆ ವರದಿ ಮಾಡಿದ್ದೆ. ಗಾಜಿನ ಪೆಟ್ಟಿಗೆ, ಅದರೊಳಗೆ ಅಂಗೈಯಷ್ಟು ಬೆನ್ನು, ಹೊರಗೆ ನಿಂತ ತಾಯಿ. ಆ ತಾಯಿಯನ್ನು 'ಈಗ ನಿಮಗೆ ಹೇಗನಿಸುತ್ತಿದೆ' ಎಂದು ಕೇಳಿದ್ದೆ. ಅವಳು ಉತ್ತರ ಕೊಟ್ಟಿರಲಿಲ್ಲ. 'ಪ್ರತಿಕ್ರಿಯೆ ನೀಡಲು ನಿರಾಕರಿಸಿದರು' ಎಂದು ಬರೆದಿದ್ದೆ.

ಗದಗ ಮುಟ್ಟಿದಾಗ ಒಂದಕ್ಕೆ ಐದು ನಿಮಿಷ ಇತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ನೋಟ್‌ಬುಕ್ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. "ಬರದದ್ದು ಚಲೊ ಆತು. ಬಂದದ್ದು ತಡಾ ಆತು" ಎಂದರು. ಗರ್ಭಕೋಶದ ಬಾಯಿ ಮೆತ್ತಗಾಗಿದೆ, ಇನ್ನೂ ತೆರೆದಿಲ್ಲ. ಬಿಗಿತ ನಿಲ್ಲಿಸಲು ಔಷಧ, ಒಂದು ವೇಳೆ ಹುಟ್ಟಿಬಿಟ್ಟರೆ ಕೂಸಿನ ಉಸಿರಿಗೆ ಆಸರೆಯಾಗಲೆಂದು ನನಗೊಂದು ಇಂಜೆಕ್ಷನ್, ನಾಳೆ ಇದೇ ಹೊತ್ತಿಗೆ ಇನ್ನೊಂದು. "ಇವತ್ತಿಂದು ದಾಟ್ಲಿ. ಮುಂದಿಂದು ಮುಂದ ನೋಡೂಣು."

ಬಲಗೈಗೆ ಸಲಾಯಿನ್ ಸೂಜಿ ಚುಚ್ಚಿದ್ದರಿಂದ ಬರೆಯುವಂತಿರಲಿಲ್ಲ. ಸರೋಜಕ್ಕ ಕಾಗದಪತ್ರಗಳಿಗೆ ಮಂಜುನಾಥರ ಜೊತೆ ಹೋಗಿದ್ದರು. ಅತ್ತೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಉಡಿಯ ಗಂಟು ಬಿಚ್ಚಿ, ಅಕ್ಕಿಯೊಳಗಿಂದ ಉತ್ತತ್ತಿಗಳನ್ನು ಆರಿಸಿ ಮಡಿಲಲ್ಲಿ ಇಟ್ಟುಕೊಂಡರು. ಅವರಿಗೆ ಓದು ಬರಹ ಬಾರದು. ಗೋಡೆ ಗಡಿಯಾರ ಬರುತ್ತದೆ.

"ಬಂದ ಕೂಡಲೇ ಹೇಳು" ಎಂದರು.

ಬಂತು. ಒಂದು ಉತ್ತತ್ತಿ ಕಿಟಕಿಯ ಕಟ್ಟೆಯ ಮೇಲೆ ಕೂತಿತು. ಹನ್ನೆರಡು ನಿಮಿಷಕ್ಕೆ ಎರಡನೆಯದು. ಮೊದಲನೆಯದರಿಂದ ತುಸು ದೂರ ಇಟ್ಟರು. ಮೂರನೆಯದು ಹತ್ತೇ ನಿಮಿಷಕ್ಕೆ ಬಂತು, ಅದನ್ನು ಎರಡನೆಯದಕ್ಕೆ ಹತ್ತಿರ ಒತ್ತಿ ಇಟ್ಟರು. ಆಗ ನನಗೆ ಅರ್ಥವಾಯಿತು. ನಾನು ಇಡೀ ಬೆಳಗು ಬರೆದೂ ನೋಡದಿದ್ದ ಅಂತರವನ್ನು ಅವರು ಕಿಟಕಿಯ ಕಟ್ಟೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಡುತ್ತಿದ್ದರು. ನೇಯುವವರ ಕಣ್ಣು, ಎಳೆ ಎಳೆಯ ನಡುವಿನ ಜಾಗ ಮೊದಲು ನೋಡುತ್ತದೆ.

ನಾಲ್ಕನೆಯದಕ್ಕೆ ಇಪ್ಪತ್ತು ನಿಮಿಷ. ಐದನೆಯದಕ್ಕೆ ಮುಕ್ಕಾಲು ತಾಸು. ಕಟ್ಟೆಯ ಆ ತುದಿಗೆ ಹೋಯಿತು. ಇಳಿಹೊತ್ತಿಗೆ ಆರನೆಯದು. ಅವ್ವ ಲಕ್ಷ್ಮೇಶ್ವರದಿಂದ ಬುತ್ತಿ ಕಟ್ಟಿಕೊಂಡು ಬಂದಳು. ಕುಬಸದ ಶೇಂಗಾ ಹೋಳಿಗೆಯನ್ನು ಎಲ್ಲರೂ ಆಸ್ಪತ್ರೆಯ ಕಾರಿಡಾರಿನಲ್ಲಿ ತಿಂದರು. ಅತ್ತೆ ಮಾತ್ರ ಎದ್ದು ಹೋಗಲಿಲ್ಲ. ಏಳನೆಯ ಉತ್ತತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ನಾನು ನಿದ್ದೆ ಹೋದಾಗಲೂ ಅದು ಮುಷ್ಟಿಯಲ್ಲಿತ್ತು, ಬೆಳಿಗ್ಗೆ ಕಣ್ಣು ಬಿಟ್ಟಾಗಲೂ ಮುಷ್ಟಿಯಲ್ಲೇ ಇತ್ತು.

ಎಡಮಗ್ಗುಲು ಜೋಮು ಹಿಡಿದಿತ್ತು. ಬಲಕ್ಕೆ ಹೊರಳಿದೆ. ಕಿಬ್ಬೊಟ್ಟೆಯ ಎಲುಬು ಚಟ್ ಎಂದು ಸೀಳಿತು. ಮುಂಡರಗಿ ಬಸ್ಸಿನ ಮೆಟ್ಟಿಲಿನ ಮೇಲೆ ಸೀಳಿದ ಹಾಗೆ, ಅಷ್ಟೇ ಅಡ್ಡಾದಿಡ್ಡಿಯಾಗಿ, ಅಷ್ಟೇ ಅಕಾಲದಲ್ಲಿ. 'ಹಾ' ಎಂದೆ. ಅತ್ತೆಯ ಮುಷ್ಟಿ ಕಿಟಕಿಯ ಕಡೆ ಹೋಯಿತು.

"ಬಂತೇನ?"

"ಇಲ್ರಿ ಅತ್ತಿ. ಇದು ಹಳೇದು."

"ಖರೇನ ಹಳೇದಾ?"

"ಖರೇರಿ. ಹೊರಳಿದ್ದಕ್ಕ ಬಂತು. ಹೋತು."

ಎರಡು ತಿಂಗಳು ನಾನು ಬೈದು ಬರೆದಿಟ್ಟಿದ್ದ ನೋವು ಅದು. ಊರು ಬಿಟ್ಟು ಹೋಗಿದ್ದ ಗುರುತಿನವರು ಮನೆಯ ಮುಂದೆ ನಿಂತ ಹಾಗಾಯಿತು. ಮುಂದೆ ಏಳು ವಾರ ಅದು ನನ್ನನ್ನು ಬಿಡಲಿಲ್ಲ. ಹೊಟ್ಟೆಯೊಳಗಿನ ಮಗಳೂ ಬಿಡಲಿಲ್ಲ.

ಅತ್ತೆ ಗಡಿಯಾರ ನೋಡಿದರು. ಹತ್ತು ನಿಮಿಷ ಕಾದರು, ಮತ್ತೆ ಹತ್ತು ನಿಮಿಷ ಕಾದರು. ಆಮೇಲೆ ಮುಷ್ಟಿಯಲ್ಲಿ ಬೆವೆತು ಮೆತ್ತಗಾಗಿದ್ದ ಏಳನೆಯ ಉತ್ತತ್ತಿಯನ್ನು ಬಾಯಿಗೆ ಹಾಕಿಕೊಂಡು, ನೋಟ್‌ಬುಕ್ಕನ್ನು ನನ್ನ ಎಡಗೈಗೆ ಕೊಟ್ಟರು.

"ಹಂಗಾರ ಬರಕೋ" ಎಂದರು.